ಟಾರ್ಪಾಲಿನ ಹಾಡು

ಬೈನೆಹಡ್ಲು ಎಸ್ಟೇಟ್, ಕಳಸ
4 ನವೆಂಬರ್ 2024

ಸುಕನ್ಯಾ ಮೇಡಂ ಅವರಿಗೆ,

ನಿಮ್ಮ ಫೋನಿಗೆ ನಾನು ಮಾಡಿದ ಕರೆಗಳೆಲ್ಲ ಕಟ್ ಆದವು. ನೀವು ಕೆಲಸ ಮಾಡುವ ಕಾಫಿ ಕ್ಯೂರಿಂಗ್ ವರ್ಕ್ಸಿನ ವಿಳಾಸ ಸಿಕ್ಕಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ಹೈಸ್ಕೂಲಿನ ಪರೀಕ್ಷೆಯಲ್ಲಿ ಇಲ್ಲದ ಗೆಳೆಯನೊಬ್ಬನಿಗೆ ಬರೆದದ್ದು ಬಿಟ್ಟರೆ ಇದೇ ನನ್ನ ಮೊದಲ ಪತ್ರ. ಒಕ್ಕಣೆ ತಪ್ಪಿದ್ದರೆ ಕ್ಷಮಿಸಬೇಕು.

ನಾನು ದೇವೇಂದ್ರ. ದೊಡ್ಡಪ್ಪ ಕೃಷ್ಣಪ್ಪನವರ ಎಸ್ಟೇಟಿನಲ್ಲಿ ಹೋಂಸ್ಟೇ ನೋಡಿಕೊಳ್ಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಪಲ್ಪರ್ ಬ್ಯಾಂಡಿನ ಅಭಿಮಾನಿ ಬಳಗದ ಅಧ್ಯಕ್ಷ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಹೆಸರನ್ನು ರಾಕ್ ಬ್ಯಾಂಡಿಗೆ ಇಟ್ಟವರು ನೀವೇ ಎಂದು ಉಮೇಶಣ್ಣ ಒಮ್ಮೆ ಸ್ಟೇಜಿನ ಹಿಂದೆ ಹೇಳಿದ್ದರು. ಮೊದಲ ವರ್ಷಗಳಲ್ಲಿ ಅವರ ಜೊತೆ ನೀವೂ ಹಾಡುತ್ತಿದ್ದಿರಿ, 'ಕಣದ ಮೇಲೆ ಮೋಡ' ಬರೆದದ್ದು ನೀವು ಎಂಬುದು ಬಳಗದ ಹೊಸಬರಿಗೆ ಗೊತ್ತೇ ಇಲ್ಲ. ಅವರ ಬಾಯಲ್ಲಿ ಅದು ಬರೀ ಟಾರ್ಪಾಲಿನ ಹಾಡು.

ಈಗ ಅದನ್ನು ಹೇಗೆ ಹಾಡುತ್ತಾರೆಂದು ನೀವು ನೋಡಬೇಕು. ಉಮೇಶಣ್ಣ 'ಮೋಡ ಬಂತು' ಎಂದು ಮೈಕನ್ನು ನಮ್ಮ ಕಡೆಗೆ ಹಿಡಿಯುತ್ತಾರೆ. ಹಿಂದಿನ ಸಾಲಿನವರು ನೀಲಿ ಟಾರ್ಪಾಲು ಬಿಚ್ಚುತ್ತಾರೆ. ಅದು ಕೈಯಿಂದ ಕೈಗೆ, ತಲೆಗಳ ಮೇಲೆ ತೇಲಿಕೊಂಡು ಸ್ಟೇಜಿನವರೆಗೂ ಬರುತ್ತದೆ. ಒಳಗೆಲ್ಲ ನೀಲಿ ಬೆಳಕು. ಸ್ಟುಡಿಯೋ ರೆಕಾರ್ಡಿಂಗಿನಲ್ಲಿ ಈ ಹಾಡಿನ ಕಾಲು ಭಾಗವೂ ಇಲ್ಲ. ಇದು ಎದುರು ನಿಂತೇ ಕೇಳಬೇಕಾದ ಹಾಡು. ನನ್ನ ಹೆಂಡತಿ ರಕ್ಷಾಳಿಗೆ ನಾನು ಉಂಗುರ ತೊಡಿಸಿದ್ದೂ ಆ ಟಾರ್ಪಾಲಿನ ಕೆಳಗೇ.

ಜನವರಿ 19ರ ಭಾನುವಾರ ನಮ್ಮ ಎಸ್ಟೇಟಿನ ಕಣದಲ್ಲೇ ಶೋ ಇಟ್ಟಿದ್ದೇವೆ. ಈ ಕಡೆ ಅಷ್ಟು ಸಮತಟ್ಟಾದ ಸಿಮೆಂಟು ನೆಲ ಬೇರೆಲ್ಲಿದೆ? ಆ ಒಂದು ಹಾಡಿಗೆ ನೀವು ಬರಬೇಕು.

ನಿಮ್ಮ ಅಭಿಮಾನಿ,
ದೇವೇಂದ್ರ

*

ಚಿಕ್ಕಮಗಳೂರು
12 ನವೆಂಬರ್ 2024

ದೇವೇಂದ್ರ ಅವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಬರುವುದಿಲ್ಲ.

ಫೋನಿನಲ್ಲಿ ಮಾತನಾಡದಿರುವುದಕ್ಕೆ ಕಾರಣವಿದೆ. ನಿಮ್ಮಂಥದೇ ಬಳಗದವರೊಬ್ಬರಿಗೆ ಹಿಂದೊಮ್ಮೆ ನಾನು ಹೇಳಿದ್ದು ಮಾರನೆಯ ದಿನ ಕೊಳಲಿನ ಹಿನ್ನೆಲೆಯೊಂದಿಗೆ ರೀಲ್ ಆಗಿ ಬಂತು. ಕಾಗದಕ್ಕೆ ಕೊಳಲು ಸೇರಿಸುವುದು ಕಷ್ಟ. ಬರೆದರೆ ಉತ್ತರಿಸುತ್ತೇನೆ.

ಟಾರ್ಪಾಲು ಇರುವುದು ಕಾಫಿ ಮುಚ್ಚುವುದಕ್ಕೆ. ಅಷ್ಟು ಜನ ಅದರ ಕೆಳಗೆ ಸೇರಿದರೆ ಬೆವರುತ್ತಾರೆ. ನೀಲಿ ಬೆಳಕಿನ ಬಗ್ಗೆ ವಿವರವಾಗಿ ಬರೆದಿದ್ದೀರಿ, ವಾಸನೆಯ ಬಗ್ಗೆ ಬರೆದಿಲ್ಲ. ನಿಮ್ಮ ಹೆಂಡತಿಯವರನ್ನು ಕೇಳಿ ನೋಡಿ.

ಸುಕನ್ಯಾ

*

ಕಳಸ
20 ನವೆಂಬರ್ 2024

ಸುಕನ್ಯಾ ಮೇಡಂ,

ನಿಮ್ಮ ಪತ್ರವನ್ನು ಬಳಗದ ಗ್ರೂಪಿಗೆ ಹಾಕಿದೆ. ಎಲ್ಲರೂ ನಕ್ಕರು. ನಮ್ಮ ಮೋಹಿತ್ 'ಸಿಟ್ಟೇ ಇಷ್ಟು ಚೆನ್ನಾಗಿದ್ರೆ ಪ್ರೀತಿ ಹೆಂಗಿರ್ಬೇಕು ಮಾರಾಯ' ಅಂದ.

ಒಂದು ಮಾತು ಕೇಳಿದರೆ ತಪ್ಪು ತಿಳಿಯಬೇಡಿ. ನೀವು ಬ್ಯಾಂಡ್ ಬಿಟ್ಟದ್ದು ಉಮೇಶಣ್ಣನ ಕಾರಣಕ್ಕೆ ಎಂದು ನಾವೆಲ್ಲರೂ ಅಂದುಕೊಂಡಿದ್ದೇವೆ. 'ಒಂದು ಹನಿಯೂ ತಾಗದ ಹಾಗೆ ಮುಚ್ಚಿಕೊಂಡೆವು' ಎಂಬ ಸಾಲು ಅನುಭವಿಸದೆ ಬರುವುದಿಲ್ಲ. ಅವರಿಗೂ ಈಗ ಮದುವೆಯಾಗಿದೆ, ಮಗುವಿದೆ. ಹಳೆಯದನ್ನು ಮರೆತು ಒಂದೇ ಒಂದು ಸಲ ಅವರ ಪಕ್ಕ ನಿಂತು ಹಾಡಿಬಿಡಿ. ಅಷ್ಟು ಪ್ರೀತಿಸುವವರಿಗೆ ಅಷ್ಟನ್ನಾದರೂ ಕೊಡಬೇಕಲ್ಲವೆ?

ದೇವೇಂದ್ರ

ಮರೆತೆ: ರಕ್ಷಾಳನ್ನು ವಾಸನೆಯ ಬಗ್ಗೆ ಕೇಳಿದೆ. ಮೂಗು ಮುಚ್ಚಿಕೊಂಡು ಒಳಗೆ ಹೋದಳು.

*

ಚಿಕ್ಕಮಗಳೂರು
2 ಡಿಸೆಂಬರ್ 2024

ದೇವೇಂದ್ರ ಅವರಿಗೆ,

ಉಮೇಶನ ಜೊತೆ ನನಗಿದ್ದ ಜಗಳ ಒಂದೇ, ಕೊನೆಯ ಪದ್ಯದ್ದು. ನೀವು ತಪ್ಪದೆ ಎಲ್ಲ ಶೋಗಳಿಗೂ ಹೋಗುವವರು, ಹಾಗಾಗಿ ಆ ಪದ್ಯ ನಿಮಗೆ ಗೊತ್ತಿರುವ ಸಂಭವವಿಲ್ಲ. ನೀವು ಹೀಗಳೆದ ರೆಕಾರ್ಡಿಂಗಿನಲ್ಲಿ ಮಾತ್ರ ಅದಿದೆ:

ಅವರ ರಾಶಿ ಬೆಚ್ಚಗಿತ್ತು,
ನಾವು ಮನೆಗೆ ಬಂದೆವು.
ನಮ್ಮ ಅಂಗಳದ ಎರಡು ಮೂಟೆ
ನೀರು ಕುಡಿದು ಕೂತಿತ್ತು.

ಇದು ಪ್ರೇಮಗೀತೆಯಲ್ಲ. ಎಸ್ಟೇಟಿನ ಕಣದಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದಳು. ಅವಳ ಮನೆಯಂಗಳದಲ್ಲಿ ಸ್ವಂತದ ಎರಡು ಮೂಟೆ ಕಾಫಿ ಒಣಗುತ್ತಿತ್ತು. ಆ ವರ್ಷ ಅವಳದು ಅಂತ ಇದ್ದದ್ದು ಅಷ್ಟೇ. ಮೋಡ ಬಂದಾಗ ಮೇಸ್ತ್ರಿ ಕೂಗಿದ, ಅವಳು ಸಾಹುಕಾರರ ರಾಶಿಗೆ ಟಾರ್ಪಾಲು ಎಳೆದಳು. ಮನೆಗೆ ಹೋಗುವಷ್ಟರಲ್ಲಿ ಅವಳದು ನೆನೆದಿತ್ತು. ಹಾಡಿನಲ್ಲಿ ಇರುವುದು ಇಷ್ಟೇ. ಟಾರ್ಪಾಲಿನ ಕೆಳಗೆ ಇರುವುದು ಕಾಫಿ, ಅದೂ ಬೇರೆಯವರದು. ನೀವು ಅಲ್ಲಿ ಉಂಗುರ ತೊಡಿಸಿದಿರಿ.

ಜನ ಒಳಗೆ ಸೇರಿ ಕುಣಿಯಲು ಶುರುಮಾಡಿದ ಮೇಲೆ ಉಮೇಶ ಆ ಪದ್ಯ ಬಿಟ್ಟ. 'ಅವ್ರು ಖುಷಿಯಾಗಿದಾರೆ ಮಾರಾಯ್ತಿ, ಆ ಟೈಮಲ್ಲಿ ಮೂಟೆ ನೆನೆದಿದ್ದು ಯಾಕೆ ಎತ್ತೋದು' ಅಂದ. ನಾನು ಅವತ್ತೇ ಬಿಟ್ಟೆ. ಇದರಲ್ಲಿ ಪ್ರೇಮವಿರಲಿಲ್ಲ, ಗಾಯವೂ ಇರಲಿಲ್ಲ. ನಿಮ್ಮ ಗ್ರೂಪಿಗೆ ನಿರಾಸೆಯಾಗಬಹುದು.

ಸುಕನ್ಯಾ

*

ಕಳಸ
9 ಡಿಸೆಂಬರ್ 2024

ಸುಕನ್ಯಾ ಮೇಡಂ,

ನಿಮ್ಮ ಪತ್ರ ಓದಿ ಮೈ ಜುಂ ಅಂತು. 'ಒಬ್ಬ ಹೆಂಗಸು' ಎಂದು ಬರೆದಿರಿ, ಯಾರೆಂದು ಬರೆಯಲಿಲ್ಲ. ಊಟಕ್ಕೆ ಕೂತಾಗ ದೊಡ್ಡಪ್ಪನ ಹತ್ತಿರ ಸುಮ್ಮನೆ ಹೇಳಿದೆ. ಅವರು ತಲೆ ಎತ್ತದೆ 'ಅದು ನಮ್ಮ ದೇವೀರಿ ಅಲ್ವನೋ, ಸಂಸೆಯವಳು. ಅವಳ ಮಗಳು ಎಂತದೋ ಹಾಡು ಕಟ್ಟಿದಾಳೆ ಅಂತಿದ್ರು' ಅಂದರು.

ಅಂದರೆ ಆ ಹೆಂಗಸು ನಿಮ್ಮ ತಾಯಿ. ಆ ಕಣ ನಮ್ಮ ಕಣ. ನಾವು ಇಷ್ಟು ವರ್ಷ ಪ್ರೀತಿಸಿದ ಹಾಡು ನಮ್ಮ ಅಂಗಳದಲ್ಲೇ ಹುಟ್ಟಿದ್ದು. ನಮ್ಮ ಹೋಂಸ್ಟೇಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ನಾನೂ ರಕ್ಷಾಳೂ ನಿನ್ನೆ ಸಂಸೆಗೆ ಹೋಗಿ ಬಂದೆವು. ದೇವೀರಮ್ಮನವರು ನನ್ನನ್ನು 'ಸಣ್ಣ ಅಯ್ಯ' ಅಂತ ಕರೆದರು, ನನಗೆ ಕಣ್ಣು ತುಂಬಿತು. 19ಕ್ಕೆ ನಮ್ಮ ಸ್ಟೇಜಿನಲ್ಲಿ ಅವರಿಗೆ ಸನ್ಮಾನ. ಹಾಡು ನಡೆಯುವಾಗ ಅವರು ಅಲ್ಲೇ ಕುರ್ಚಿಯಲ್ಲಿ ಕೂತಿರಬೇಕು ಅಂತ ಆಸೆ. 'ಮಗಳು ಹ್ಞೂಂ ಅಂದ್ರೆ ಬರ್ತೀನಿ' ಅಂದಿದ್ದಾರೆ. ನೀವು ಒಂದು ಮಾತು ಹೇಳಿದರೆ ಸಾಕು.

ದೇವೇಂದ್ರ

*

ಚಿಕ್ಕಮಗಳೂರು
16 ಡಿಸೆಂಬರ್ 2024

ದೇವೇಂದ್ರ ಅವರಿಗೆ,

ಬೇಡ.

ನಿಮಗೆ ಒಂದು ಪದದ ಉತ್ತರ ಸಾಲುವುದಿಲ್ಲವೆಂದು ತಿಳಿದಿದೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಅಮ್ಮ ಆ ಹಾಡನ್ನು ಇದುವರೆಗೆ ಕೇಳಿಲ್ಲ. ನಾನು ಕೇಳಿಸಿಲ್ಲ. ಅವಳು ಕೆಲಸ ಬಿಟ್ಟ ಮೇಲೆ ಆ ಕಣಕ್ಕೆ ಕಾಲಿಟ್ಟಿಲ್ಲ, ಇಡುವ ಅಗತ್ಯವೂ ಇಲ್ಲ. ನಿಮ್ಮ ದೊಡ್ಡಪ್ಪ ಊಟದ ನಡುವೆ ಅವಳನ್ನು 'ನಮ್ಮ ದೇವೀರಿ' ಅನ್ನುತ್ತಾರೆ. ನೀವು ಆ ಮಾತನ್ನು ನನಗೇ ಬರೆದು ಕಳಿಸಿ, ಮೂರು ಸಾಲಿನ ಕೆಳಗೆ ಅವಳನ್ನು 'ದೇವೀರಮ್ಮನವರು' ಮಾಡುತ್ತೀರಿ. ಎರಡನ್ನೂ ಒಂದೇ ಶಾಯಿಯಲ್ಲಿ ಬರೆಯಲು ನಿಮಗೆ ತೊಡಕಾಗಲಿಲ್ಲ.

ನಿಮ್ಮ ಹಾಡು, ನಿಮ್ಮ ಬೆವರು, ನಿಮ್ಮ ಉಂಗುರ ನಿಮಗಿರಲಿ. ನಾನು ಕೇಳುವುದು ಇದೊಂದೇ: ಅವಳನ್ನು ಆ ಸ್ಟೇಜಿಗೆ ಹತ್ತಿಸಬೇಡಿ.

ಸುಕನ್ಯಾ

*

ಬೈನೆಹಡ್ಲು ಎಸ್ಟೇಟ್
21 ಜನವರಿ 2025

ಸುಕನ್ಯಾ ಮೇಡಂ,

ನಿಮ್ಮ ಪತ್ರ ಬರುವಷ್ಟರಲ್ಲಿ ಫ್ಲೆಕ್ಸ್ ಪ್ರಿಂಟಾಗಿ ಹೋಗಿತ್ತು, ಅದರಲ್ಲಿ ದೇವೀರಮ್ಮನವರ ಫೋಟೋ ಇತ್ತು. ಸಂಸೆಗೆ ಹೋಗಿ 'ಮಗಳಿಗೆ ಬರೆದಿದ್ದೇವೆ' ಅಂದೆ. ಅದು ಸುಳ್ಳಲ್ಲವಲ್ಲ. ಅವರು ಹೊರಟುಬಂದರು. ನಡೆದದ್ದನ್ನು ಓದಿದರೆ ನೀವೇ ನನ್ನನ್ನು ಕ್ಷಮಿಸುತ್ತೀರಿ. ಇದುವರೆಗಿನ ಶೋಗಳಲ್ಲಿ ಇಂಥದ್ದು ಆಗಿಯೇ ಇಲ್ಲ.

ಶನಿವಾರ ಸಿಪ್ಪೆ ಬಿಡಿಸಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯನ್ನೆಲ್ಲ ಕಣದ ಒಂದು ಮಗ್ಗುಲಿಗೆ ರಾಶಿ ಹಾಕಿ ಟಾರ್ಪಾಲು ಹೊದಿಸಿದ್ದೆವು. ಭಾನುವಾರ ಮೂಡಿಗೆರೆ, ಕೊಪ್ಪದಿಂದಲೂ ಜನ ಬಂದರು. ಎಸ್ಟೇಟಿನ ಆಳುಗಳಿಗೂ ರಜೆ ಕೊಟ್ಟು ಹಿಂದೆ ನಿಂತು ನೋಡಲು ಹೇಳಿದ್ದೆವು. ಅಷ್ಟು ಜನಕ್ಕೆ ಬಳಗದ ಟಾರ್ಪಾಲು ಸಾಲುವಂತಿರಲಿಲ್ಲ. ಅದಕ್ಕೆ ರಾಶಿಯ ಮೇಲಿದ್ದವನ್ನೇ ಎಳೆದುಕೊಂಡೆವು. ಒಂದು ಹಾಡು ಮುಗಿಯುವ ಹೊತ್ತಿಗೆ ತಾನೆ? ಜನವರಿಯಲ್ಲಿ ಮಳೆ ಎಲ್ಲಿಂದ ಬರಬೇಕು?

ದೇವೀರಮ್ಮನವರಿಗೆ ದೊಡ್ಡಪ್ಪ ಶಾಲು ಹೊದಿಸಿದರು. ಅವರು ಸ್ಟೇಜಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತರು. ಸಂಜೆಯಾಗಿರಲಿಲ್ಲ, ಆದರೂ ಬೆಳಕು ಕಮ್ಮಿಯಾಗುತ್ತಿತ್ತು. ಲೈಟಿನವನು ಏನೋ ಮಾಡಿದ್ದಾನೆ ಎಂದುಕೊಂಡೆವು. ಉಮೇಶಣ್ಣ 'ಮೋಡ ಬಂತು' ಎಂದು ಮೈಕ್ ಹಿಡಿದರು. ಟಾರ್ಪಾಲುಗಳು ನಮ್ಮ ಮೇಲೆ ಬಂದವು. ಆಗಲೇ ಟಪಟಪ ಸದ್ದು. ನಿಜವಾದ ಮಳೆ, ಮೇಡಂ. ಆ ಹಾಡಿಗೆ ಆ ಹೊತ್ತಿಗೆ. ಒಳಗಿದ್ದವರೆಲ್ಲ ಹುಚ್ಚೆದ್ದು ಕುಣಿದರು. ದೊಡ್ಡಪ್ಪ ಸ್ಟೇಜಿನಿಂದ 'ಟಾರ್ಪಾಲು ಬಿಡ್ರೋ, ಕಾಫಿ ನೆನೀತಿದೆ' ಎಂದು ಕೂಗಿದರು. ಅದು ಮೈಕಿನಲ್ಲಿ ಕೇಳಿಸಿತು. ಹಾಡಿನದೇ ಹೊಸ ಸಾಲು ಎಂದುಕೊಂಡು ಜನ 'ಕಾಫಿ ನೆನೀತಿದೆ' ಎಂದು ಕೂಗಿ ಉತ್ತರ ಕೊಟ್ಟರು. ಅವರು ಮತ್ತೆ ಕೂಗಿದರು. ಜನ ಮತ್ತೆ ಕೂಗಿದರು. ಡ್ರಮ್ಮಿನವನು ಅದಕ್ಕೆ ತಾಳ ಸೇರಿಸಿದ.

ಇನ್ನು ದೇವೀರಮ್ಮನವರ ವಿಷಯ. ಅವರು ಕುರ್ಚಿಯಿಂದ ಎದ್ದದ್ದನ್ನು ನಾನು ಮೊದಲು ನೋಡಲಿಲ್ಲ. ನೋಡುವಾಗ ಮೆಟ್ಟಿಲಿಳಿದು ಓಡುತ್ತಿದ್ದರು, ಸೆರಗು ಸಿಕ್ಕಿಸಿಕೊಂಡು, ಆ ವಯಸ್ಸಿನಲ್ಲಿ. ರಾಶಿಯ ಹತ್ತಿರ ಹೋಗಿ ಎರಡೂ ಕೈಯಿಂದ ಟಾರ್ಪಾಲಿನ ತುದಿ ಹುಡುಕಿದರು. ಅಲ್ಲಿ ಟಾರ್ಪಾಲು ಇರಲಿಲ್ಲ. ಸನ್ಮಾನದ ಶಾಲನ್ನು ತೆಗೆದು ರಾಶಿಯ ಮೇಲೆ ಹಾಸಿದರು. ಅದು ಎಷ್ಟು ಮುಚ್ಚೀತು? ಆಮೇಲೆ ಅವರೇ ಅದರ ಮೇಲೆ ಬಗ್ಗಿ ಬಿದ್ದರು. ಲೈಟಿನವನು ಬುದ್ಧಿವಂತ, ಫೋಕಸ್ ಅವರ ಮೇಲೆ ಬಿಟ್ಟ. ಟಾರ್ಪಾಲಿನ ಅಂಚು ಎತ್ತಿ ಎಲ್ಲರೂ ನೋಡಿದರು. ಅಂಥ ಚಪ್ಪಾಳೆ ನಾನು ಕೇಳಿಲ್ಲ. ನಾನು ಅತ್ತುಬಿಟ್ಟೆ.

ಕಾಫಿ ಹೋಯಿತು, ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸರಿಹೋಗುತ್ತಾರೆ. ವಿಡಿಯೋ ಎಲ್ಲ ಕಡೆ ಓಡುತ್ತಿದೆ. ಮಾರ್ಚ್ ಮೊದಲ ವಾರ ಮೂಡಿಗೆರೆಯಲ್ಲಿ ರಕ್ಷಾಳ ತಂದೆಯ ಕಣದಲ್ಲಿ ಶೋ ಇದೆ, ಅಲ್ಲಿ ಆಗ ರೊಬಸ್ಟಾ ಕಾಫಿ ಒಣಗುತ್ತಿರುತ್ತದೆ. ಉಮೇಶಣ್ಣನಿಗೆ ಒಂದೇ ಆಸೆ, ದೇವೀರಮ್ಮನವರು ಅಲ್ಲೂ ಹಾಗೇ ಓಡಬೇಕು. ಮಳೆಯ ವ್ಯವಸ್ಥೆ ನಾವು ಪೈಪಿನಲ್ಲಿ ಮಾಡುತ್ತೇವೆ.

ದೇವೇಂದ್ರ

*

ಸಂಸೆ
3 ಫೆಬ್ರವರಿ 2025

ದೇವೇಂದ್ರ ಅವರಿಗೆ,

ನಿಮ್ಮ ವಿಡಿಯೋ ನೋಡಿದೆ. ಧ್ವನಿ ಬಂದ್ ಮಾಡಿ ನೋಡಿದೆ. ಹಾಗೆ ನೋಡಿದರೆ ಅದರಲ್ಲಿರುವುದು ಇಷ್ಟು: ನೂರಾರು ಜನ ಒಣಗಿದ ಬಟ್ಟೆಯಲ್ಲಿ ನಿಂತು ಒಬ್ಬಳು ಮುದುಕಿ ನೆನೆಯುವುದನ್ನು ನೋಡುತ್ತಿದ್ದಾರೆ. ಅವರ ಕೈಯಲ್ಲಿ ಟಾರ್ಪಾಲು ಇದೆ. ಒಬ್ಬನಾದರೂ ಕೊಡುವುದಿಲ್ಲ. ಆ ಹೊತ್ತಿನಲ್ಲಿ ನೀವು ಅಳುತ್ತಿದ್ದಿರಿ ಎಂದು ಬರೆದಿದ್ದೀರಿ. ನಂಬುತ್ತೇನೆ. ನಿಮಗೆ ಸುಲಭವಾಗಿ ಬರುವುದು ಅದೊಂದೇ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಲು ಎದುರಿಗೆ ಒಬ್ಬ ಮನುಷ್ಯ ಬೇಕು. ಸಿಟ್ಟು ಬಂದದ್ದು ಅಮ್ಮನ ಮೇಲೆ. ರಜೆ ಹಾಕಿ ಬಂದದ್ದೇ ಕೇಳಿದೆ, ಯಾಕೆ ಓಡಿದೆ ಅಂತ. ಕೆಮ್ಮುತ್ತಿದ್ದಳು, ಇನ್ನೂ ಕಡಿಮೆಯಾಗಿಲ್ಲ.

'ಎಂತ ಮಾಡೋದು, ಕಾಲು ಓಡ್ತು,' ಅಂದಳು. 'ಕಾಫಿ ನೆನೀತಾ ಇದ್ರೆ ನೋಡ್ಕೊಂಡು ಕೂರಕ್ಕಾಗುತ್ತಾ?'

'ಯಾರ ಕಾಫಿ ಅಮ್ಮ ಅದು?'

'ನಂಗೊತ್ತಿಲ್ವ ಯಾರ್ದು ಅಂತ?'

ಮೊದಲ ಸಲ ಅವಳಿಗೆ ಹಾಡನ್ನು ಪೂರ್ತಿ ಕೇಳಿಸಿದೆ, ರೆಕಾರ್ಡಿಂಗಿನಲ್ಲಿ, ಕೊನೆಯ ಪದ್ಯದ ಸಮೇತ. ಹದಿನೈದು ವರ್ಷದಿಂದ ಅದಕ್ಕೆ ಹೆದರಿಕೊಂಡಿದ್ದೆ. ಕೇಳಿ ಮುಗಿಸಿ ಅಂದಳು: 'ಚೆನ್ನಾಗಿದೆ. ಅವತ್ತು ನಿಮ್ಮಪ್ಪ ಮನೇಲೇ ಇದ್ರು, ಮಲಗಿದ್ರು. ಎದ್ದು ಮುಚ್ಚಿದ್ರೆ ಎರಡು ಮೂಟೇನೂ ಉಳೀತಿತ್ತು. ಅದನ್ನ ಯಾಕೆ ಹಾಡಿಗೆ ಹಾಕಿಲ್ಲ?' ಹಾಕಿದ್ದರೆ ನೀವು ಅದಕ್ಕೂ ಒಂದು ಕುಣಿತ ಕಟ್ಟುತ್ತಿದ್ದಿರಿ.

ಈಗ ಮೂಡಿಗೆರೆಯ ವಿಷಯ. ನಾನು ಬೇಡವೆನ್ನಲು ಬಂದೆ. ಅವಳು ಹೋಗುತ್ತೇನೆ ಅನ್ನುತ್ತಿದ್ದಾಳೆ. ಅವಳ ಮಾತನ್ನೇ ಬರೆಯುತ್ತೇನೆ: 'ಬರ್ತೀನಿ ಅನ್ನು. ಒರಗಿಕೊಳ್ಳೋ ಕುರ್ಚಿ ಬೇಕು. ಈ ಸಲ ಮೋಡ ಬಂದ್ರೂ ಎದ್ದೇಳಲ್ಲ. ಕೂತ್ಕೊಂಡು ನೋಡ್ತೀನಿ, ಯಾರು ಓಡ್ತಾರೆ ಅಂತ.'

ಆದ್ದರಿಂದ ನನ್ನ ಷರತ್ತುಗಳು. ಪೈಪಿನ ಮಳೆ ಬೇಡ. ರಾಶಿ ನಿಜವಾದದ್ದಾಗಿರಬೇಕು, ನಿಮ್ಮ ಮಾವನವರದು, ಬಯಲಲ್ಲಿ. ಟಾರ್ಪಾಲುಗಳೆಲ್ಲ ಎಂದಿನಂತೆ ನಿಮ್ಮ ತಲೆಗಳ ಮೇಲೆ. ಕೊನೆಯ ಪದ್ಯವನ್ನು ಉಮೇಶ ಹಾಡಬೇಕು. ಅಮ್ಮ ಕೂತಿರುತ್ತಾಳೆ. ನೀವು ಅಷ್ಟು ಪ್ರೀತಿಸುವ ಹಾಡು, ಒಂದು ಸಲ ಪೂರ್ತಿ ಆಗಲಿ.

ಸುಕನ್ಯಾ

*

ಕಳಸ
18 ಫೆಬ್ರವರಿ 2025

ಸುಕನ್ಯಾ ಅವರಿಗೆ,

ನಿಮ್ಮ ಪತ್ರವನ್ನು ಈ ಸಲ ಗ್ರೂಪಿಗೆ ಹಾಕಲಿಲ್ಲ. ಮಾವನಿಗೆ ಓದಿದೆ. ಅವರು ಕೇಳಿದ್ದು ಒಂದೇ ಮಾತು: 'ಆ ಹೆಂಗಸು ಏಳದೇ ಇದ್ರೆ?' ಜನ ಓಡಬಹುದು ಅಂದೆ. 'ಯಾವ ಜನ? ನೀನು ಓಡಿದ್ಯಾ?' ಅಂದರು. ಕಣ ಕೊಡುವುದಿಲ್ಲ ಎಂದುಬಿಟ್ಟರು. ಜನವರಿಯ ಕಾಫಿ ಬೂಷ್ಟು ಹಿಡಿದು ದೊಡ್ಡಪ್ಪನಿಗೆ ಆದ ನಷ್ಟ ಅವರಿಗೂ ಗೊತ್ತಿದೆ.

ಉಮೇಶಣ್ಣ ಪ್ರಾಕ್ಟೀಸಿನಲ್ಲಿ ಕೊನೆಯ ಪದ್ಯ ಹಾಡಿ ನೋಡಿದರು. ಬಳಗದ ಹುಡುಗರು ಕೇಳಲು ಬಂದಿದ್ದರು. ಮುಗಿದ ಮೇಲೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೋಹಿತ್ 'ಇದು ನಮಗೇ ಬೈದಂಗಿದೆಯಲ್ಲೋ' ಅಂದ. ಆಮೇಲೆ ಯಾರೂ ಟಾರ್ಪಾಲು ಮುಟ್ಟಲಿಲ್ಲ.

ಶೋ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದೆ. ಹಾಡನ್ನು ಬಿಟ್ಟಿದ್ದೇವೆ, ಇನ್ನು ಯಾವ ಶೋನಲ್ಲೂ ಇರುವುದಿಲ್ಲ. ಹಾಡಿಲ್ಲದ ಮೇಲೆ ನಿಮ್ಮ ತಾಯಿಯವರನ್ನು ಯಾಕೆ ಕರೆಯುವುದು ಎಂದು ಬಳಗದವರು ಕೇಳಿದರು. ತಾಯಿಯವರಿಗೆ ನೀವೇ ತಿಳಿಸಿ. ನಾವು ಒಂದು ಹಾಡನ್ನು ಪ್ರೀತಿಸಿದ್ದೆವು, ಅಷ್ಟೇ. ಅದು ಯಾರಿಗೆ ಏನು ತೊಂದರೆ ಕೊಟ್ಟಿತ್ತು ಎಂದು ನನಗೆ ಈಗಲೂ ತಿಳಿಯುವುದಿಲ್ಲ.

ದೇವೇಂದ್ರ

*

ಚಿಕ್ಕಮಗಳೂರು
27 ಫೆಬ್ರವರಿ 2025

ದೇವೇಂದ್ರ ಅವರಿಗೆ,

ನಿಮ್ಮ ಪತ್ರ ತಲುಪಿದ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಆಗಲೇ ಪಕ್ಕದ ಮನೆಯ ತನುಜಾಳನ್ನು ಜೊತೆಗೆ ಬರಲು ಒಪ್ಪಿಸಿ, ಬಸ್ಸಿನ ಹೊತ್ತು ವಿಚಾರಿಸಿ, ಕಳಸದಲ್ಲಿ ಒಂದು ಸೀರೆಯನ್ನೂ ತಂದಿಟ್ಟಿದ್ದಳು. ಬಣ್ಣ ಕೇಳಿದೆ. ಹಸಿರಂತೆ, ದೂರದಿಂದ ಕಾಣಲಿ ಅಂತ.

ಶೋನಲ್ಲಿ ಆ ಹಾಡಿಲ್ಲ, ನಿನ್ನನ್ನು ಕರೆಯುವುದಿಲ್ಲ ಎಂದು ಹೇಳಿದೆ.

'ಯಾಕಂತೆ?'

'ಹಾಡು ಅರ್ಥ ಆಯ್ತಂತೆ.'

ನಿಮ್ಮನ್ನು ಕುರಿತು ಹೇಳಬೇಕೆಂದಿದ್ದುದೆಲ್ಲ ಆ ಒಂದು ಮಾತಿನಲ್ಲಿ ಮುಗಿಯಿತು ಅನ್ನಿಸಿ ನನಗೆ ಸ್ವಲ್ಪ ತೃಪ್ತಿಯೂ ಆಯಿತು. ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

'ಅರ್ಥ ಆಗದೇ ಇದ್ದಿದ್ರೇ ಚೆನ್ನಾಗಿತ್ತು ಕಣೇ, ಕುರ್ಚೀಲಿ ಕೂತು ನೋಡ್ಬೋದಿತ್ತು,' ಅಂದಳು. 'ನಿಂಗೆ ಅಷ್ಟು ಬಿಡಿಸಿ ಬರೀ ಅಂತ ಯಾರು ಹೇಳಿದ್ರು?'

ಸುಕನ್ಯಾ